ದೊಡ್ಡ ಊರು ಬಿಡೋಣ ಅಂದರೆ ಕಾಲೇ ಏಳುತ್ತಿಲ್ಲ, ಯಾಕೆ?

ಅರ್ಧಚಂದ್ರ:

ಆರು ವರ್ಷದಿಂದ ಒಂದು ಮಹಾನಗರದಲ್ಲಿದ್ದೇನೆ. ಯಾವ ಊರು ಅಂತ ಬೇಕೆಂದೇ ಹೇಳುತ್ತಿಲ್ಲ, ಹೇಳಿದರೆ ಮಾತೆಲ್ಲ ಅಲ್ಲಿನ ಟ್ರಾಫಿಕ್ ಕಡೆಗೆ ಹೋಗಿಬಿಡುತ್ತದೆ.

ಇಲ್ಲಿಗೆ ಬರುವಾಗ ಮನಸ್ಸಲ್ಲಿ ಉದ್ದದ ಪಟ್ಟಿ ಇತ್ತು. ಮ್ಯೂಸಿಯಂ, ನಾಟಕ, ಸಂಗೀತ ಕಛೇರಿ, ಚಿತ್ರೋತ್ಸವ, ಮೂರು ಮಹಡಿಯ ಲೈಬ್ರರಿ. ಮೊನ್ನೆ ಸುಮ್ನೆ ಕೂತು ಲೆಕ್ಕ ಹಾಕಿದೆ. ದೊಡ್ಡ ಮ್ಯೂಸಿಯಂಗೆ ಹೋಗಿದ್ದು ಎರಡೇ ಸಲ, ಅದೂ ನೆಂಟರು ಬಂದಿದ್ದರು ಅನ್ನೋ ಕಾರಣಕ್ಕೆ. ನಾಟಕ ನಾಲ್ಕು. ಒಂದರಲ್ಲಿ ಮಧ್ಯಂತರದವರೆಗೆ ಚೆನ್ನಾಗಿ ನಿದ್ದೆ ಹೊಡೆದಿದ್ದೆ. ಲೈಬ್ರರಿ ಕಾರ್ಡ್ ಎಲ್ಲಿದೆ ಅಂತಲೇ ಗೊತ್ತಿಲ್ಲ.

ಬಾಡಿಗೆ ಸಂಬಳದ ಅರ್ಧ ನುಂಗುತ್ತದೆ. ಇರುವುದು ಒಂದೇ ಕೋಣೆ. ಕಿಟಕಿ ತೆರೆದರೆ ಎದುರು ಮನೆಯವರ ಟಿವಿಯಲ್ಲಿ ಕೆಳಗೆ ಓಡುವ ಅಕ್ಷರ ಕೂಡ ಓದಬಹುದು. ಈಗ ಕೆಲಸ ಪೂರ್ತಿ ಮನೆಯಿಂದಲೇ, ಆಫೀಸಿನವರು ಎಲ್ಲಿ ಬೇಕಾದರೂ ಇರಿ ಅಂದಿದ್ದಾರೆ. ಸಣ್ಣ ಊರಿಗೆ ಹೋದರೆ ಇದೇ ದುಡ್ಡಲ್ಲಿ ಮೂರು ಕೋಣೆ, ಹಿತ್ತಲು, ನಿಶ್ಶಬ್ದ. ಲೆಕ್ಕ ಎಲ್ಲ ಆ ಕಡೆಗೇ ಇದೆ. ಆದರೂ ಮನೆ ಖಾಲಿ ಮಾಡುತ್ತೇನೆ ಅಂತ ಹೇಳೋಕೆ ಮಾಲೀಕರಿಗೆ ಫೋನ್ ಮಾಡಿದಾಗ ಬಾಯಿಂದ ಬಂದಿದ್ದು "ನಲ್ಲಿ ಸೋರುತ್ತಿದೆ" ಅನ್ನೋ ಮಾತು.

ನೋಡದೇ ಇರುವ ಮ್ಯೂಸಿಯಂಗೋಸ್ಕರ ಯಾರಾದರೂ ಇಷ್ಟು ಬಾಡಿಗೆ ಕೊಡುತ್ತಾರಾ? ನಿಮ್ಮನ್ನೆಲ್ಲ ಅಲ್ಲಿ ಹಿಡಿದಿಟ್ಟಿರುವುದು ಏನು, ನಿಜ ಹೇಳಿ.

ಕಿಟಕಿ_ಸೀಟು:

ನೆಂಟರು ಬಂದಾಗ ಮಾತ್ರ ಮ್ಯೂಸಿಯಂ ನೋಡುವ ಸಂಘಕ್ಕೆ ಸ್ವಾಗತ :) ನಾನು ಅದರ ಹಳೆಯ ಸದಸ್ಯೆ.

ನೀವು ಪಟ್ಟಿ ಹಿಡಿದುಕೊಂಡು ಹೊರಟಿದ್ದೇ ತಪ್ಪು. ಪ್ಯಾರಿಸ್ಸಿನ ಲೂವ್ರ್ ತೆಗೆದುಕೊಳ್ಳಿ. 1793ರ ಆಗಸ್ಟ್ 10ರಂದು ಜನರಿಗೆ ಬಾಗಿಲು ತೆರೆಯಿತು. ಈಗ ಅಲ್ಲಿ ಸುಮಾರು 35,000 ವಸ್ತುಗಳು ನೋಡಲು ಸಿಗುತ್ತವೆ. ಒಂದೊಂದಕ್ಕೆ ಬರೀ ಅರ್ಧ ನಿಮಿಷ ಕೊಟ್ಟರೂ ನಿದ್ದೆ ಇಲ್ಲದೆ, ಕೂರದೆ 12 ದಿನ ಬೇಕು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 80 ಲಕ್ಷದಷ್ಟು ವಸ್ತುಗಳಿವೆ, ಜನ ನೋಡಲು ಇಟ್ಟಿರುವುದು ಅದರಲ್ಲಿ ನೂರಕ್ಕೆ ಒಂದು ಪಾಲು. ಅಂದರೆ ಪೂರ್ತಿ ನೋಡಿ ಮುಗಿಸುವುದು ಯಾರಿಂದಲೂ ಆಗಲ್ಲ. ಪ್ರವಾಸಿಗಳು ಆ ಆಸೆ ಇಟ್ಟುಕೊಂಡು ಓಡುತ್ತಾರೆ ಪಾಪ, ಅವರ ವಿಮಾನ ನಾಳೆ ಇರುತ್ತದೆ. ನಿಮಗೆ ವಿಮಾನ ಇಲ್ಲವಲ್ಲ.

ನನ್ನ ಕಥೆ ಹೇಳುತ್ತೇನೆ. ಆಫೀಸಿನ ಹಿಂದೆಯೇ ಒಂದು ಚಿತ್ರಶಾಲೆ ಇದೆ, ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಮೊದಲ ಸಲ ಹೋಗಿದ್ದು ಮಳೆಗೆ. ಆಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಹದಿನೈದು ನಿಮಿಷ ಹೋಗಿ ಬರೋದು ಅಭ್ಯಾಸ ಆಯಿತು. ನೋಡೋದು ಒಂದೇ ಚಿತ್ರ. ಕಿಟಕಿ ಹತ್ತಿರ ಬಟ್ಟೆ ಹೊಲಿಯುತ್ತಿರುವ ಹೆಂಗಸು, ಅಷ್ಟೇ, ದೊಡ್ಡ ಹೆಸರಿನ ಕಲಾವಿದರದ್ದೂ ಅಲ್ಲ. ಎರಡು ತಿಂಗಳು ನೋಡಿದ ಮೇಲೆ ಒಂದಿನ ಕಂಡಿತು, ಅವಳ ಬೆರಳಿಗೆ ಹಾಕಿಕೊಂಡ ಪುಟ್ಟ ಲೋಹದ ಟೋಪಿ ಇದೆಯಲ್ಲ, ಸೂಜಿ ಚುಚ್ಚದೇ ಇರಲಿ ಅಂತ ಹಾಕುತ್ತಾರಲ್ಲ ಅದು, ಅದರ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದಾಗಿ ಇಡೀ ಕಿಟಕಿಯನ್ನೇ ಬರೆದಿದ್ದಾರೆ. ನಾಲ್ಕು ಗಾಜು, ಮಧ್ಯೆ ಪಟ್ಟಿ ಸಮೇತ. ಅವತ್ತು ಆಫೀಸಿಗೆ ವಾಪಸ್ ಬಂದು ಯಾರಿಗೆ ಹೇಳಲಿ ಅಂತ ಒದ್ದಾಡಿದೆ. ಹೇಳಿದೆ. ಪಕ್ಕದ ಸೀಟಿನವರು "ಓಹೋ" ಅಂದರು.

ಬ್ರಿಟನ್ನಿನಲ್ಲಿ 2001ರ ಡಿಸೆಂಬರ್‌ನಿಂದ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ದುಡ್ಡು ಕೊಟ್ಟು ಒಳಗೆ ಹೋದವರು ಮೂರು ಗಂಟೆ ನಡೆದು ಕಾಲು ನೋಯಿಸಿಕೊಳ್ಳುತ್ತಾರೆ, ಕೊಟ್ಟ ದುಡ್ಡು ವಸೂಲಾಗಬೇಕಲ್ಲ. ಉಚಿತ ಆದರೆ ಹತ್ತು ನಿಮಿಷಕ್ಕೂ ಹೋಗಬಹುದು. ಆ ಊರಲ್ಲೇ ಇರೋರಿಗೆ ಆಗುವ ಲಾಭ ಅದು.

ಲೆಕ್ಕದ_ಮೇಷ್ಟ್ರು:

ಮ್ಯೂಸಿಯಂ ಮಾತು ಬಿಡಿ, ಅದು ನೆಂಟರಿಗೆ ತೋರಿಸುವ ಮುಖ. ಮಹಾನಗರ ಹಿಡಿದಿಡೋದು ಬೇರೆ ಕಾರಣಕ್ಕೆ. ಒಂದು ಚಿಕ್ಕ ಲೆಕ್ಕ ಮಾಡೋಣ.

ನಿಮಗೆ ಏನೋ ಒಂದು ವಿಚಿತ್ರ ಹುಚ್ಚು ಇದೆ ಅಂದುಕೊಳ್ಳಿ. ಹತ್ತು ಸಾವಿರ ಜನಕ್ಕೆ ಒಬ್ಬರಿಗೆ ಮಾತ್ರ ಇರುವಂಥದ್ದು. ಹಳೇ ಗಡಿಯಾರ ಬಿಚ್ಚಿ ಜೋಡಿಸೋದು, ಸತ್ತುಹೋದ ಭಾಷೆ ಕಲಿಯೋದು, ಏನಾದರೂ ಆಗಲಿ. 50,000 ಜನರ ಊರಲ್ಲಿ ನಿಮ್ಮಂಥವರು ಐದು ಜನ. ಅದರಲ್ಲಿ ಒಬ್ಬರು ನೀವೇ. ಒಬ್ಬರಿಗೆ ವಯಸ್ಸಾಗಿದೆ, ಹೊರಗೆ ಬರಲ್ಲ. ಉಳಿದ ಮೂವರು ಪರಸ್ಪರ ಮಾತು ಬಿಟ್ಟಿದ್ದಾರೆ. ಅಲ್ಲಿಗೆ ಮುಗಿಯಿತು. ಲಂಡನ್ನಿನಲ್ಲಿ ಹತ್ತಿರ ಹತ್ತಿರ 90 ಲಕ್ಷ ಜನ ಇದ್ದಾರೆ. ಅಲ್ಲಿ ಅದೇ ಹುಚ್ಚಿನವರು 900 ಜನ! 900 ಜನ ಇದ್ದರೆ ಒಂದು ಸಂಘ ಇರುತ್ತದೆ. ಸಂಘ ಇದ್ದಮೇಲೆ ಜಗಳ ಆಗಿ ಎರಡನೇ ಸಂಘವೂ ಇರುತ್ತದೆ. ಕಲಿಸುವವರೊಬ್ಬರು, ಬಿಡಿಭಾಗ ಮಾರುವ ಅಂಗಡಿ ಒಂದು, ವಾರಕ್ಕೊಮ್ಮೆ ಸೇರೋಕೆ ಒಂದು ಹಾಲ್. ಹುಚ್ಚಿನ ಪ್ರಮಾಣ ಒಂದೇ, ಆದರೆ ಒಂದು ಕಡೆ ಅದು ಒಂಟಿತನ, ಇನ್ನೊಂದು ಕಡೆ ಅದು ಭಾನುವಾರದ ಕಾರ್ಯಕ್ರಮ.

ಇದರ ಮೇಲೆ ನಿಜವಾದ ಸಂಶೋಧನೆಯೂ ಆಗಿದೆ. ಲೂಯಿಸ್ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಮತ್ತು ಜೊತೆಗಾರರು 2007ರಲ್ಲಿ ಊರುಗಳ ಅಂಕಿ ಅಂಶ ಹಿಡಿದು ನೋಡಿದರು. ಜನಸಂಖ್ಯೆ ಎರಡು ಪಟ್ಟು ಆದರೆ ಸಂಬಳ, ಹೊಸ ಪೇಟೆಂಟು ಇಂಥವು ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತವೆ, ಅಂದರೆ ಸರಾಸರಿ ತಲೆಗೆ ಲೆಕ್ಕ ಹಾಕಿದರೂ ಜಾಸ್ತಿಯೇ. ರಸ್ತೆ, ಕೇಬಲ್ ಥರದ್ದು ಮಾತ್ರ ಎರಡು ಪಟ್ಟಿಗಿಂತ ಕಮ್ಮಿ ಸಾಕಾಗುತ್ತದೆ. ಖುಷಿ ಪಡಬೇಡಿ, ಅಪರಾಧ ಮತ್ತು ಅಂಟುರೋಗ ಕೂಡ ಸಂಬಳದ ಥರಾನೇ ಏರುತ್ತವೆ. ಜನ ಜನರನ್ನು ಮುಟ್ಟುವುದು ಜಾಸ್ತಿ ಆದಾಗ ಐಡಿಯಾ ಹರಡುವ ದಾರಿಯಲ್ಲೇ ಜ್ವರವೂ ಹರಡುತ್ತದೆ. ಒಂದನ್ನು ಮಾತ್ರ ಆರಿಸಿಕೊಳ್ಳೋಕೆ ಬರಲ್ಲ.

ಅರ್ಧಚಂದ್ರ, ನಿಮ್ಮ ಹತ್ತು ಸಾವಿರಕ್ಕೊಂದು ಹುಚ್ಚು ಯಾವುದು? ಅದು ಹೇಳಿ ಮೊದಲು.

ಹಳೇ_ರೇಡಿಯೋ:

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಬದುಕು ಅಷ್ಟು ಚೆನ್ನಾಗಿಲ್ಲ ಅಷ್ಟೇ.

ನಾನು 11 ವರ್ಷ ಮಹಾನಗರದಲ್ಲಿದ್ದು ಬಿಟ್ಟು ಬಂದವನು. ಆ 900 ಜನರಲ್ಲಿ ಒಬ್ಬರನ್ನೂ ಭೇಟಿ ಆಗಲಿಲ್ಲ, ಯಾಕೆಂದರೆ ಸಂಜೆ ಮನೆ ಸೇರುವಾಗ ನನ್ನಲ್ಲಿ ಉಳಿದಿರುತ್ತಿದ್ದುದು ಶೂ ಬಿಚ್ಚುವಷ್ಟು ಶಕ್ತಿ ಮಾತ್ರ.

ಅದೂ ಅಲ್ಲದೆ, ದೊಡ್ಡ ಊರು ಅಂದರೆ ಸಂಸ್ಕೃತಿ ಅಂತ ಯಾರು ಹೇಳಿದ್ದು? ಜರ್ಮನ್ ಕವಿ ಗಯಟೆ ಐವತ್ತಕ್ಕೂ ಹೆಚ್ಚು ವರ್ಷ ಇದ್ದ ವೈಮಾರ್‌ನಲ್ಲಿ ಈಗಲೂ ಒಂದು ಲಕ್ಷ ಜನ ಇಲ್ಲ. ಅದೇ ದೇಶದ ಸಂಗೀತಗಾರ ವಾಗ್ನರ್ ತನ್ನ ಸಂಗೀತೋತ್ಸವ ಶುರು ಮಾಡಿದ ಬೈರಾಯ್ಟ್ ಕೂಡ ಹಾಗೇ, ಚಿಕ್ಕ ಊರು. 1876ರಿಂದ ಜಗತ್ತು ಅಲ್ಲಿಗೆ ಹೋಗುತ್ತಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವ 1920ರದ್ದು, ಫ್ರಾನ್ಸಿನ ಆವಿನ್ಯೋಂ ನಾಟಕೋತ್ಸವ 1947ರದ್ದು. ಇವೆಲ್ಲ ಕೋಟಿ ಜನರ ಊರುಗಳಲ್ಲ ಸ್ವಾಮಿ. ಇನ್ನು ತಮ್ಮ ಊರಲ್ಲೇ ಕೂತವರಿಗೆ, ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ ಆಡುವ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದವರು 2006ರಿಂದ ತಮ್ಮ ಪ್ರದರ್ಶನವನ್ನು ಸಿನಿಮಾ ಹಾಲ್‌ಗಳಿಗೆ ನೇರಪ್ರಸಾರ ಮಾಡುತ್ತಿದ್ದಾರೆ. ಎಲ್ಲೋ ಕೂತು ನೋಡಬಹುದು.

ಈಗ ನಾನಿರುವಲ್ಲಿ ರಾತ್ರಿ ಹತ್ತಕ್ಕೆ ಕಿಟಕಿ ತೆರೆದರೆ ಏನೂ ಕೇಳಿಸಲ್ಲ. ಮೊದಲ ವಾರ ಕಿವಿ ಕೆಟ್ಟಿದೆಯೇನೋ ಅಂತ ಭಯ ಆಗಿತ್ತು.

ಪರದೆ_ಹಿಂದೆ:

ಹಳೇ ರೇಡಿಯೋ ಸಾರ್, ಒಂದು ಮಾತು. ನಾನು ನಾಟಕಗಳಿಗೆ ಲೈಟಿಂಗ್ ಮಾಡುವವನು, ಹೊಟ್ಟೆಪಾಡೇ ಅದು.

ಬೈರಾಯ್ಟ್ ಉತ್ಸವ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು. ಅಲ್ಲಿ ವಾದ್ಯ ನುಡಿಸುವವರು ಬರುವುದು ಎಲ್ಲಿಂದ? ಬೇರೆ ಬೇರೆ ಊರಿನ ಆರ್ಕೆಸ್ಟ್ರಾಗಳಿಂದ. ವರ್ಷದ ಉಳಿದ ತಿಂಗಳು ಅವರಿಗೆ ಸಂಬಳ ಕೊಡುವ ಊರುಗಳು ಬೇರೆ. ಉತ್ಸವ ಅಂದರೆ ಜಾತ್ರೆ ಥರ, ದೇವರು ಬಂದು ಹೋಗುತ್ತದೆ. ನಾನು ಹೇಳೋದು ಮಂಗಳವಾರದ ಬಗ್ಗೆ. ಏನೂ ವಿಶೇಷ ಇಲ್ಲದ, ಮಳೆ ಬರುತ್ತಿರುವ ಮಂಗಳವಾರ ಸಂಜೆ ಊರಲ್ಲಿ ಹನ್ನೆರಡು ನಾಟಕ ನಡೆಯುತ್ತಿರುತ್ತವೆ ಅಲ್ವಾ, ಅದಕ್ಕೆ ದೊಡ್ಡ ಊರೇ ಬೇಕು. ಹನ್ನೆರಡರಲ್ಲಿ ಏಳು ಕೆಟ್ಟದಾಗಿರುತ್ತವೆ. ಇರಲಿ. ಕೆಟ್ಟ ನಾಟಕ ಮಾಡೋಕೂ ಒಂದು ಜಾಗ ಇಲ್ಲದಿದ್ದರೆ ಒಳ್ಳೆಯದು ಮಾಡೋದು ಯಾವಾಗ ಕಲಿಯುತ್ತಾರೆ? ನನ್ನ ಮೊದಲ ನಾಟಕ ನೋಡಿದವರು ಒಂಬತ್ತು ಜನ. ಅದರಲ್ಲಿ ಮೂವರು ನಟರ ಅಮ್ಮಂದಿರು. ಕೊನೆಯ ದೃಶ್ಯದಲ್ಲಿ ನಿಧಾನಕ್ಕೆ ಕತ್ತಲಾಗಬೇಕಿತ್ತು, ನಾನು ತಪ್ಪು ಸ್ವಿಚ್ ಒತ್ತಿ ಇಡೀ ಹಾಲ್ ಬೆಳಗಿಸಿಬಿಟ್ಟೆ, ಸತ್ತು ಬಿದ್ದಿದ್ದ ನಾಯಕ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದ. ಆ ತಪ್ಪನ್ನು ಒಂಬತ್ತು ಜನರ ಮುಂದೆ ಮಾಡೋಕೆ ಸಿಕ್ಕಿದ್ದು ನನ್ನ ಅದೃಷ್ಟ.

ಬಾಡಿಗೆ ಕೊಟ್ಟಮೇಲೆ ಟಿಕೆಟ್‌ಗೆ ಕಾಸೆಲ್ಲಿ ಅಂತ ಕೇಳುವವರಿಗೆ ಇನ್ನೊಂದು ವಿಷಯ. ಹಳೆಯ ದೊಡ್ಡ ಊರುಗಳು ನಿಂತು ನೋಡುವವರಿಗೆ ಜಾಗ ಇಟ್ಟಿವೆ. ವಿಯೆನ್ನಾದ ಸ್ಟೇಟ್ ಒಪೆರಾದಲ್ಲಿ ನಿಲ್ಲುವ ಜಾಗಕ್ಕೆ ಅಂತಲೇ ಬೇರೆ ಟಿಕೆಟ್, ಕಂಬಿಗೆ ತಮ್ಮ ಕುತ್ತಿಗೆಯ ಶಾಲು ಕಟ್ಟಿ ಜಾಗ ಹಿಡಿಯುವುದು ಅಲ್ಲಿನ ಹಳೇ ರೂಢಿ. ಲಂಡನ್ನಿನಲ್ಲಿ 1997ರಲ್ಲಿ ತೆರೆದ ಗ್ಲೋಬ್ ರಂಗಮಂದಿರದಲ್ಲಿ ಸುಮಾರು 700 ಜನ ಬಯಲಲ್ಲೇ ನಿಂತು ನೋಡಬಹುದು, ಮಳೆ ಬಂದರೆ ನೆನೆಯಬೇಕು. ಅದೇ ಊರಲ್ಲಿ 1895ರಲ್ಲಿ ಶುರುವಾದ ಪ್ರಾಮ್ಸ್ ಸಂಗೀತ ಕಛೇರಿಗಳ ಹೆಸರೇ ನಿಂತು ಓಡಾಡಿಕೊಂಡು ಕೇಳುವುದರಿಂದ ಬಂದಿದ್ದು. ನಿಂತು ನೋಡುವವರು ನಿದ್ದೆ ಮಾಡೋಕಾಗಲ್ಲ ಅನ್ನೋದು ಅರ್ಧಚಂದ್ರ ಅವರಿಗೆ ಹೆಚ್ಚಿನ ಅನುಕೂಲ.

ಗುಬ್ಬಿ_ಗೂಡು:

ನೀವೆಲ್ಲ ನಾಟಕ ಮ್ಯೂಸಿಯಂ ಅಂತೀರಿ. ನನಗೆ ದೊಡ್ಡ ಊರು ಕೊಟ್ಟಿದ್ದು ಯಾರೂ ನನ್ನನ್ನು ನೋಡದೇ ಇರುವ ಸುಖ.

ನಾನು ಹುಟ್ಟಿದ ಊರಲ್ಲಿ ಬೀದಿಯ ಆ ತುದಿಯಿಂದ ಈ ತುದಿಗೆ ನಡೆದರೆ ನಾಲ್ಕು ಜನ ನಿಲ್ಲಿಸಿ ಎಲ್ಲಿಗೆ ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು, ಅದು ಬೇರೆ ಮಾತು. ಉತ್ತರ ಕೊಡಬೇಕಿತ್ತು. ಇಲ್ಲಿಗೆ ಬಂದ ಎರಡನೇ ವಾರ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡೆ. ಭಯದಲ್ಲೇ ರೈಲು ಹತ್ತಿದೆ. ಎದುರಿಗೆ ಕೂತವರು ತಲೆ ಎತ್ತಲೇ ಇಲ್ಲ. ಇಡೀ ಬೋಗಿಯಲ್ಲಿ ನನ್ನನ್ನು ನೋಡಿದ್ದು ಒಂದು ಮಗು, ಅದೂ ನನ್ನ ಬ್ಯಾಗಿನ ಜಿಪ್ಪಿಗೆ ನೇತಾಡುತ್ತಿದ್ದ ಗೊಂಬೆ ನೋಡುತ್ತಿತ್ತು. ಆ ದಿನ ಮೂರು ಸ್ಟೇಷನ್ ಮುಂದೆ ಹೋಗಿ ಇಳಿದೆ, ಸುಮ್ನೆ, ಖುಷಿಗೆ.

ಇದು ಹೊಸದೇನಲ್ಲ. ಮಧ್ಯಯುಗದ ಜರ್ಮನಿಯಲ್ಲಿ ಜೀತದಾಳು ಜಮೀನ್ದಾರನ ಕೈ ತಪ್ಪಿಸಿಕೊಂಡು ಪಟ್ಟಣ ಸೇರಿ, ಒಂದು ವರ್ಷ ಒಂದು ದಿನ ಅಲ್ಲೇ ಇದ್ದುಬಿಟ್ಟರೆ ಆಮೇಲೆ ಅವನನ್ನು ಎಳೆದುಕೊಂಡು ಹೋಗುವ ಹಾಗಿರಲಿಲ್ಲ. ಪಟ್ಟಣದ ಗಾಳಿ ಸೋಕಿದರೆ ಬಿಡುಗಡೆ ಅನ್ನೋ ಅರ್ಥದ ಗಾದೆಯೇ ಜರ್ಮನ್ನಿನಲ್ಲಿದೆ. ಯಾರ ಮಗ, ಯಾರ ಆಳು ಅನ್ನೋ ಪ್ರಶ್ನೆ ಪಟ್ಟಣದ ಬಾಗಿಲಲ್ಲೇ ಉಳಿಯಬೇಕು.

ಆದರೆ ಸುಳ್ಳು ಹೇಳಲ್ಲ. ಹೋದ ವರ್ಷ ಮೂರು ದಿನ ಜ್ವರದಲ್ಲಿ ಮಲಗಿದ್ದೆ. ಮೂರು ದಿನವೂ ಬಾಗಿಲು ಯಾರೂ ಬಡಿಯಲಿಲ್ಲ. ಮೂರನೇ ದಿನ ಕಾಲಿಂಗ್ ಬೆಲ್ ಆಯಿತು ಅಂತ ಎದ್ದು ಗೋಡೆ ಹಿಡಿದುಕೊಂಡು ಹೋದರೆ ಮೇಲಿನ ಮನೆಯ ಪಾರ್ಸೆಲ್. ಯಾರೂ ನೋಡದೇ ಇರೋದು ಅಂದರೆ ಇದೂ ಸೇರಿಯೇ. ಬರ್ಲಿನ್‌ನ ಗಿಯೋರ್ಗ್ ಜಿಮೆಲ್ ಅನ್ನೋ ಸಮಾಜಶಾಸ್ತ್ರಜ್ಞ 1903ರಲ್ಲೇ ಬರೆದಿದ್ದಾನೆ, ಮಹಾನಗರದಲ್ಲಿ ಕಣ್ಣಿಗೆ ಕಿವಿಗೆ ಬಂದು ಬಡಿಯೋದು ಅಷ್ಟೊಂದು ಇರುವುದರಿಂದ ಜನ ತಮ್ಮನ್ನು ಕಾಪಾಡಿಕೊಳ್ಳೋಕೆ ಯಾವುದಕ್ಕೂ ಅಲ್ಲಾಡದ ಒಂದು ಚರ್ಮ ಬೆಳೆಸಿಕೊಳ್ಳುತ್ತಾರೆ ಅಂತ. ಅದೇ ಮನುಷ್ಯ ಅದೇ ಬರಹದಲ್ಲಿ, ಈ ದೂರವೇ ಒಬ್ಬೊಬ್ಬರಿಗೂ ಬೇರೆಲ್ಲೂ ಸಿಗದ ಸ್ವಾತಂತ್ರ್ಯ ಕೊಡುತ್ತದೆ ಅಂತಲೂ ಹೇಳುತ್ತಾನೆ. ರೈಲಲ್ಲಿ ನನ್ನನ್ನು ನೋಡದವರದ್ದೂ, ಜ್ವರ ಬಂದಾಗ ಬಾಗಿಲು ಬಡಿಯದವರದ್ದೂ ಅದೇ ಚರ್ಮ.

ನಾನು ಮಾತ್ರ ವಾಪಸ್ ಹೋಗಲ್ಲ. ಪಕ್ಕದ ಮನೆಯವರಿಗೆ ಈಗ ಒಂದು ಬೀಗದ ಕೈ ಕೊಟ್ಟಿದ್ದೇನೆ.

ಕಿಟಕಿ_ಸೀಟು:

ಬೀಗದ ಕೈ ಕೊಟ್ಟಿದ್ದು ಒಳ್ಳೆಯದಾಯಿತು ಕಣ್ರೀ. ನಾನೂ ಕೊಡಬೇಕು.

ರಾತ್ರಿ_ಪಾಳಿ:

ಗುಬ್ಬಿ ಗೂಡು ಮೇಡಂ, ಯಾರೂ ನೋಡಲ್ಲ ಅಂತ ಅಂದುಕೊಂಡಿದ್ದೀರಿ. ನೋಡುತ್ತಿರುತ್ತೇವೆ, ಹೇಳಲ್ಲ ಅಷ್ಟೇ.

ನನ್ನ ಕೆಲಸ ಮುಗಿಯೋದು ಬೆಳಗಿನ ಜಾವ. 5:10ರ ರೈಲು. ನಾಲ್ಕು ವರ್ಷದಿಂದ ಅದೇ ಪ್ಲಾಟ್‌ಫಾರ್ಮ್, ಅದೇ ಕಂಬದ ಹತ್ತಿರ. ನನ್ನಿಂದ ಎರಡು ಕಂಬ ಆಚೆ ಒಬ್ಬರು ನಿಲ್ಲುತ್ತಾರೆ, ಬೆನ್ನ ಮೇಲೆ ದೊಡ್ಡ ಚೆಲ್ಲೋ ಪೆಟ್ಟಿಗೆ, ದೊಡ್ಡ ಪಿಟೀಲಿನ ಥರದ ವಾದ್ಯ ಅದು. ಬೆಳಗಿನ ಜಾವ ಐದಕ್ಕೆ ಚೆಲ್ಲೋ ಹೊತ್ತು ಎಲ್ಲಿಗೆ ಹೋಗುತ್ತಾರೆ, ಎಲ್ಲಿಂದ ಬರುತ್ತಾರೆ, ಗೊತ್ತಿಲ್ಲ. ಒಂದಿನವೂ ಮಾತಾಡಿಲ್ಲ. ನಕ್ಕಿಲ್ಲ ಕೂಡ. ಹೋದ ಚಳಿಗಾಲದಲ್ಲಿ ಒಂದು ದಿನ ಪೆಟ್ಟಿಗೆ ಇಲ್ಲದೆ ಬಂದರು. ಬೆನ್ನು ಖಾಲಿ. ನನಗೆ ಎದೆ ಧಸಕ್ ಅಂತು, ನಿಜವಾಗಿ. ಕಳ್ಳತನ ಆಯಿತಾ, ಮಾರಿಬಿಟ್ಟರಾ, ಕೈಗೇನಾದರೂ ಆಯಿತಾ? ರೈಲು ಬಂತು, ಬಾಗಿಲು ತೆರೆಯಿತು, ತಡೆಯೋಕಾಗದೆ ಕೇಳಿಯೇಬಿಟ್ಟೆ, "ಪೆಟ್ಟಿಗೆ?"

"ರಿಪೇರಿಗೆ ಕೊಟ್ಟಿದ್ದೇನೆ. ಗುರುವಾರ ಸಿಗುತ್ತದೆ" ಅಂದರು. ಏನೂ ಆಶ್ಚರ್ಯ ಪಡಲಿಲ್ಲ, ನಾನು ಕೇಳುತ್ತೇನೆ ಅಂತ ಕಾಯುತ್ತಿದ್ದವರ ಹಾಗೆ. ಮಾರನೆಯ ದಿನದಿಂದ ಮತ್ತೆ ಇಬ್ಬರೂ ಮೂಕರು. ಶುಕ್ರವಾರ ಪೆಟ್ಟಿಗೆ ಬಂದಿತ್ತು.

ಇಂಥವರ ಬಗ್ಗೆ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಂ 1972ರಲ್ಲೇ ಬರೆದಿದ್ದಾರೆ, ಪರಿಚಿತ ಅಪರಿಚಿತರು ಅಂತ ಕರೆದರು. ಅವರ ವಿದ್ಯಾರ್ಥಿಗಳು ರೈಲ್ವೆ ಪ್ಲಾಟ್‌ಫಾರ್ಮಿನ ಫೋಟೋ ತೆಗೆದು ಅಲ್ಲಿನವರಿಗೇ ಹಂಚಿ ಕೇಳಿದರು. ಹೆಚ್ಚಿನವರು ತಾವು ಯಾವತ್ತೂ ಮಾತಾಡದ ಕೆಲವರ ಮುಖ ಗುರುತಿಸಿದರು. ಇಂಥವರು ದಿನಾ ನೋಡುವ ಜಾಗ ಬಿಟ್ಟು ದೂರದಲ್ಲೆಲ್ಲೋ ಸಿಕ್ಕರೆ ಆಗ ಮಾತಾಡುವ ಸಾಧ್ಯತೆ ಜಾಸ್ತಿಯಂತೆ. ಚೆಲ್ಲೋದವರು ಬೇರೆ ದೇಶದ ಏರ್‌ಪೋರ್ಟಲ್ಲಿ ಸಿಗಲಿ ಅಂತ ಕಾಯುತ್ತಿದ್ದೇನೆ.

ಪರದೆ_ಹಿಂದೆ:

ರೈಲು ಅಂದಾಗ ನೆನಪಾಯಿತು. ಊರಿನ ಸಂಸ್ಕೃತಿ ಎಷ್ಟು ಹೊತ್ತಿಗೆ ಮುಗಿಯಬೇಕು ಅಂತ ತೀರ್ಮಾನ ಮಾಡೋದು ಕೊನೆಯ ರೈಲು, ಬೇರೆ ಯಾರೂ ಅಲ್ಲ. ಲೈಟಿಂಗ್ ಕೋಣೆ ಹಿಂದಿನ ಸಾಲಿಗಿಂತ ಮೇಲಿರುತ್ತದೆ, ಅಲ್ಲಿಂದ ಎಲ್ಲ ಕಾಣುತ್ತದೆ. ನಾಟಕ ಹತ್ತೂವರೆ ದಾಟಿದರೆ ಕತ್ತಲಲ್ಲಿ ಒಂದೊಂದೇ ಫೋನು ಹೊತ್ತಿಕೊಳ್ಳುತ್ತದೆ, ಮಿಂಚುಹುಳದ ಥರ, ಟೈಮ್ ನೋಡುತ್ತಾರೆ. ಆಮೇಲೆ ಬಗ್ಗಿಕೊಂಡು ಎದ್ದು ಹೋಗುತ್ತಾರೆ. ಕೊಲೆ ಮಾಡಿದವರು ಯಾರು ಅಂತ ತಿಳಿಯದೇ ಮನೆಗೆ ಹೋದ ಜನ ಎಷ್ಟಿದ್ದಾರೋ. ನ್ಯೂಯಾರ್ಕಿನ ಸಬ್‌ವೇ 1904ರಿಂದ ರಾತ್ರಿ ಹಗಲು ಓಡುತ್ತಿದೆ. ಕೋವಿಡ್ ಬಂದಾಗ 2020ರ ಮೇನಿಂದ ಒಂದು ವರ್ಷ ರಾತ್ರಿ ಹೊತ್ತು ನಿಲ್ಲಿಸಿದ್ದರು. ಲಂಡನ್ನಿನ ಸುರಂಗ ರೈಲು 1863ರಷ್ಟು ಹಳೆಯದಾದರೂ ಶುಕ್ರವಾರ ಶನಿವಾರ ರಾತ್ರಿಯಿಡೀ ಓಡೋಕೆ ಶುರುವಾಗಿದ್ದು 2016ರಲ್ಲಿ. ಮನೆ ಹುಡುಕುವವರು ಮ್ಯೂಸಿಯಂ ಎಷ್ಟಿದೆ ಅಂತ ನೋಡಬೇಡಿ, ಕೊನೆಯ ರೈಲು ಎಷ್ಟಕ್ಕಿದೆ ಅಂತ ನೋಡಿ.

ಹಳೇ_ರೇಡಿಯೋ:

ಚೆಲ್ಲೋ ಕಥೆ ಚೆನ್ನಾಗಿತ್ತು, ಒಪ್ಪಿದೆ. ಆದರೆ ಆ ಚೆಲ್ಲೋದವರು ಬೆಳಗಿನ ಜಾವ ಐದಕ್ಕೆ ಯಾಕೆ ಪ್ರಯಾಣ ಮಾಡುತ್ತಾರೆ ಅಂತ ಯೋಚಿಸಿದ್ದೀರಾ? ಕಛೇರಿ ನಡೆಯುವ ಬಡಾವಣೆಯಲ್ಲಿ ಅವರಿಗೆ ಮನೆ ಸಿಗಲ್ಲ, ಅದಕ್ಕೇ ಇರಬಹುದು.

ನನ್ನ ನಿಜವಾದ ಸಿಟ್ಟು ಇದು. ನ್ಯೂಯಾರ್ಕಿನ ಸೋಹೋ ನೋಡಿ. 1960ರ ದಶಕದಲ್ಲಿ ಕಾರ್ಖಾನೆಗಳು ಖಾಲಿಯಾಗಿ ಬಿದ್ದಿದ್ದ ಜಾಗ. ಎತ್ತರದ ಚಾವಣಿ, ದೊಡ್ಡ ಕಿಟಕಿ, ಬಾಡಿಗೆ ಕಮ್ಮಿ. ಕಲಾವಿದರು ನಿಯಮ ಮೀರಿ ಅಲ್ಲೇ ಮಲಗಿ ಅಲ್ಲೇ ಕೆಲಸ ಮಾಡಿದರು. 1971ರಲ್ಲಿ ಕಲಾವಿದರು ಅಲ್ಲಿ ವಾಸ ಮಾಡಬಹುದು ಅಂತ ಕಾನೂನೇ ಆಯಿತು. ಕಲಾವಿದರಿದ್ದಾರೆ ಅಂತ ಗ್ಯಾಲರಿ ಬಂದವು, ಗ್ಯಾಲರಿ ಇವೆ ಅಂತ ಶ್ರೀಮಂತರು ಬಂದರು, ಶ್ರೀಮಂತರು ಬಂದರು ಅಂತ ಬಾಡಿಗೆ ಏರಿತು, 1990ರ ದಶಕದಲ್ಲಿ ಗ್ಯಾಲರಿಗಳೇ ಅದೇ ಊರಿನ ಚೆಲ್ಸಿಯಾ ಬಡಾವಣೆ ಕಡೆಗೆ ಗಂಟುಮೂಟೆ ಕಟ್ಟಿದವು. ಬರ್ಲಿನ್‌ನ ಟಾಖೆಲೆಸ್ ಇನ್ನೊಂದು. ಪಾಳುಬಿದ್ದ ಹಳೇ ಅಂಗಡಿ ಕಟ್ಟಡ. ಊರನ್ನು ಎರಡು ಮಾಡಿದ್ದ ಬರ್ಲಿನ್ ಗೋಡೆ ಬಿದ್ದ ಮರುವರ್ಷ, 1990ರಲ್ಲಿ, ಕಲಾವಿದರು ಒಳಗೆ ಸೇರಿಕೊಂಡರು. 2012ರಲ್ಲಿ ಹೊರಗೆ ಹಾಕಿದರು. 2023ರಿಂದ ಅಲ್ಲೊಂದು ಫೋಟೋಗ್ರಫಿ ಮ್ಯೂಸಿಯಂ ಇದೆ. ಕಲೆ ಉಳಿಯಿತು, ಕಲಾವಿದರು ಹೋದರು ಅಂತ ಇಟ್ಟುಕೊಳ್ಳಿ.

ಪರದೆ_ಹಿಂದೆ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ನಾನೇ ಒಂದು ಗಂಟೆ ಇಪ್ಪತ್ತು ನಿಮಿಷ ದೂರದಲ್ಲಿದ್ದೇನೆ.

ಒಂದೇ ಒಂದು ಸೇರಿಸುತ್ತೇನೆ. ಜೇನ್ ಜೇಕಬ್ಸ್ ಅಂತ ಒಬ್ಬರು ಇದ್ದರು. ನ್ಯೂಯಾರ್ಕಿನ ತಮ್ಮ ಬಡಾವಣೆ ಉಳಿಸೋಕೆ 1960ರ ದಶಕದಲ್ಲಿ ಬೀದಿಗಿಳಿದು ಹೋರಾಡಿದವರು. ಕೆಳ ಮ್ಯಾನ್‌ಹಾಟನ್ ಸೀಳಿಕೊಂಡು ಹೋಗಬೇಕಿದ್ದ ಎಕ್ಸ್‌ಪ್ರೆಸ್ ಹೆದ್ದಾರಿ ಕೊನೆಗೂ ಆಗಲಿಲ್ಲ. ಹೊಸದನ್ನು ಮಾಡಿ ನೋಡುವವರಿಗೆ ಹಳೆಯ ಕಟ್ಟಡಗಳೇ ಬೇಕು ಅನ್ನುವುದು ಅವರ ವಾದ, ಹೊಸ ಕಟ್ಟಡದ ಬಾಡಿಗೆ ಕಟ್ಟಿಕೊಂಡು ಯಾರೂ ಪ್ರಯೋಗ ಮಾಡಲ್ಲ. ನಮ್ಮ ತಂಡ ತಾಲೀಮು ಮಾಡೋದು ಒಂದು ಹಳೇ ಗೋಡೌನಿನಲ್ಲಿ. ಗೋಡೆಯ ಮೇಲೆ ಇನ್ನೂ "ತೇವದಿಂದ ದೂರವಿಡಿ" ಅಂತ ಬರೆದಿದೆ. ಮಳೆಗಾಲದಲ್ಲಿ ನೋಡಿದರೆ ನಗು ಬರುತ್ತದೆ.

ಜೋಡಿ_ಚಪ್ಪಲಿ:

ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ಮಕ್ಕಳಿಗೆ ಒಳ್ಳೆಯ ಸಂಸ್ಕಾರ ಸಿಗಲಿ ಅಂತ ಪ್ರತಿ ಶನಿವಾರ ಮಗನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಅವನಿಗೆ ನಾಲ್ಕು ವರ್ಷ. ಅವನಿಗೆ ಅಲ್ಲಿ ಇಷ್ಟ ಆಗಿರೋದು ಸುತ್ತುವ ಬಾಗಿಲು ಮತ್ತು ಕಾವಲುಗಾರರ ವಾಕಿಟಾಕಿ. ಬಾಗಿಲಲ್ಲಿ ಹನ್ನೊಂದು ಸುತ್ತು ಹಾಕಿದ ಮೇಲೆ ಒಳಗೆ ಬರುತ್ತಾನೆ. ಡೈನೋಸಾರ್ ಹತ್ತಿರ ನಿಂತು, ಅದರ ಕಡೆ ಬೆನ್ನು ಹಾಕಿ, ಕಾವಲುಗಾರರನ್ನು ನೋಡುತ್ತಾನೆ. ಕಾವಲುಗಾರರೂ ಈಗ ಅವನ ಹೆಸರು ಕಲಿತಿದ್ದಾರೆ, ವಾಕಿಟಾಕಿಯಲ್ಲಿ "ಬಂದ" ಅಂತ ಹೇಳುತ್ತಾರೆ.

ದೊಡ್ಡವಳ ವಿಷಯ ಬೇರೆ. ಅವಳ ತರಗತಿಯಲ್ಲಿ 23 ಮಕ್ಕಳು, ಮನೆಗಳಲ್ಲಿ ಆಡುವ ಭಾಷೆ ಹದಿನಾಲ್ಕು. ಲಂಡನ್ನಿನ ಶಾಲೆಗಳಲ್ಲಿ 300ಕ್ಕೂ ಹೆಚ್ಚು ಭಾಷೆ ಆಡುವ ಮಕ್ಕಳಿದ್ದಾರೆ ಅಂತ ಓದಿದಾಗ ಅದೊಂದು ಅಂಕಿ ಅಷ್ಟೇ ಆಗಿತ್ತು. ಈಗ ನನ್ನ ಮಗಳು ಮೆಟ್ಟಿಲು ಹತ್ತುವಾಗ ಒಂದು ಮಹಡಿಗೆ ಒಂದು ಭಾಷೆಯಲ್ಲಿ ಎಣಿಸುತ್ತಾಳೆ. ನಾಲ್ಕನೇ ಮಹಡಿಯ ಭಾಷೆ ಯಾವುದು ಅಂತ ಅವಳಿಗೂ ಗೊತ್ತಿಲ್ಲ, "ಅದು ಅವನ ಅಜ್ಜಿ ಭಾಷೆ" ಅಂತಾಳೆ.

ಲೆಕ್ಕದ_ಮೇಷ್ಟ್ರು:

ಲಿಫ್ಟ್ ಕೆಟ್ಟಿದೆಯಾ ನಿಮ್ಮಲ್ಲಿ?

ಜೋಡಿ_ಚಪ್ಪಲಿ:

ಮೂರು ತಿಂಗಳಿಂದ :(

ಅರ್ಧಚಂದ್ರ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಸುಮ್ಮನಿದ್ದೆ, ಓದುತ್ತಾ ಇದ್ದೆ.

ಮೇಷ್ಟ್ರು ಕೇಳಿದ ಪ್ರಶ್ನೆ ತಲೆಯಲ್ಲಿ ಕೊರೆಯಿತು. ನನ್ನ ಹತ್ತು ಸಾವಿರಕ್ಕೊಂದು ಹುಚ್ಚು ಮೂಕಿ ಸಿನಿಮಾ. ಮಾತಿಲ್ಲದ ಹಳೇ ಕಪ್ಪು ಬಿಳುಪು ಚಿತ್ರಗಳು. ಕಾಲೇಜಲ್ಲಿದ್ದಾಗ ಕಂಪ್ಯೂಟರಲ್ಲಿ ಒಬ್ಬನೇ ನೋಡುತ್ತಿದ್ದೆ, ಸ್ನೇಹಿತರು ಆಡಿಕೊಳ್ಳುತ್ತಾರೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ಮರೆತೇ ಹೋಗಿತ್ತು. ಈ ಊರಲ್ಲಿ ಯಾರಾದರೂ ತೋರಿಸುತ್ತಾರಾ ಅಂತ ಹುಡುಕಿದೆ. ತಿಂಗಳಿಗೊಮ್ಮೆ ತೋರಿಸುತ್ತಾರೆ. ನನ್ನ ಮನೆಯಿಂದ ನಾಲ್ಕು ಸ್ಟಾಪ್. ಆರು ವರ್ಷ!

ಹೋದೆ. ಒಂದು ಕಟ್ಟಡದ ನೆಲಮಾಳಿಗೆ, ಮಡಿಸುವ ಕುರ್ಚಿಗಳು. ತಲೆ ಎಣಿಸಿದೆ, 38 ಜನ. ಪರದೆಯ ಪಕ್ಕ ಒಂದು ಪಿಯಾನೊ. ನುಡಿಸುವಾಕೆ ಆ ಚಿತ್ರವನ್ನು ಮೊದಲೇ ನೋಡಿರಲಿಲ್ಲ, ನಮ್ಮ ಜೊತೆಗೇ ನೋಡುತ್ತಾ ನುಡಿಸುತ್ತಿದ್ದರು. ಕತ್ತು ಪರದೆ ಕಡೆ, ಕೈ ಮಾತ್ರ ಕೀಲಿಗಳ ಮೇಲೆ. ನಾಯಕಿ ಬಾಗಿಲ ಹಿಡಿಗೆ ಕೈ ಹಾಕಿದಾಗ ಪಿಯಾನೊ ನಿಂತುಹೋಯಿತು. ಆಚೆ ಯಾರಿದ್ದಾರೆ ಅಂತ ಅವರಿಗೂ ಗೊತ್ತಿಲ್ಲವಲ್ಲ! ಬಾಗಿಲು ತೆರೆಯಿತು, ಒಂದು ನಾಯಿಮರಿ. ಅವರು ನಕ್ಕು ಎರಡೇ ಬೆರಳಲ್ಲಿ ಏನೋ ಕುಣಿಯೋ ಥರ ನುಡಿಸಿದರು, 38 ಜನವೂ ಒಟ್ಟಿಗೆ ನಕ್ಕರು. ಕಂಪ್ಯೂಟರಲ್ಲಿ ನೋಡುವಾಗ ಹಾಗೆ ಜೋರಾಗಿ ನಕ್ಕಿದ್ದು ನೆನಪಿಲ್ಲ.

ಮುಗಿದ ಮೇಲೆ ಕುರ್ಚಿ ಮಡಿಸುತ್ತಾ ಪಕ್ಕದ ವಯಸ್ಸಾದವರೊಬ್ಬರು ಮಾತಿಗೆ ಸಿಕ್ಕರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಹೊರತಂದಿದೆಯಂತೆ, ಅಲ್ಲಿ ತೆಗೆದ ಪೂರ್ಣ ಉದ್ದದ ಮೂಕಿ ಚಿತ್ರಗಳಲ್ಲಿ ನೂರಕ್ಕೆ 70ರಷ್ಟು ಈಗ ಎಲ್ಲೂ ಇಲ್ಲ, ಪೂರ್ತಿ ಕಳೆದುಹೋಗಿವೆ. ಆ ಕಾಲದ ಫಿಲ್ಮು ಬೇಗ ಬೆಂಕಿ ಹತ್ತುವಂಥದ್ದು, ಇಟ್ಟಲ್ಲೇ ಪುಡಿಯಾಗುವಂಥದ್ದು. ಉಳಿದದ್ದನ್ನು ನಾವು ನೋಡುತ್ತಿದ್ದೇವೆ ಅಂದರು. ಮುಂದಿನ ತಿಂಗಳಿಗೆ ಕುರ್ಚಿ ಹಾಕೋಕೆ ಅರ್ಧ ಗಂಟೆ ಮುಂಚೆ ಬರೋಕಾಗುತ್ತಾ ಅಂತ ಕೇಳಿದರು. ಆಗುತ್ತೆ ಅಂದೆ.

ಮ್ಯೂಸಿಯಂಗೆ ಇನ್ನೂ ಹೋಗಿಲ್ಲ. ಬಾಡಿಗೆ ಕರಾರು ಒಂದು ವರ್ಷಕ್ಕೆ ಮುಂದುವರಿಸಿದೆ. ನಲ್ಲಿ ಇನ್ನೂ ಸೋರುತ್ತಿದೆ. ಹಳೇ ರೇಡಿಯೋ ಸಾರ್, ಬಯ್ಯಬೇಡಿ.

ಹಳೇ_ರೇಡಿಯೋ:

ಬಯ್ಯಲ್ಲ ಮಾರಾಯ. ಮುಂದಿನ ತಿಂಗಳು ಯಾವ ತಾರೀಖು ಅದು? ಪಿಯಾನೊ ಕೇಳಿ ಬಹಳ ದಿನ ಆಯಿತು. ಒಂದು ರಾತ್ರಿ ಮಲಗೋಕೆ ಜಾಗ ಇದೆಯಾ?

ಅರ್ಧಚಂದ್ರ:

ಒಂದೇ ಕೋಣೆ ಸಾರ್, ನೆಲದ ಮೇಲೆ ಹಾಸಿಗೆ ಹಾಕಿಕೊಡುತ್ತೇನೆ. ಎರಡನೇ ಶನಿವಾರ. ಕೊನೆಯ ರೈಲು 11:40ಕ್ಕಿದೆ, ನೋಡಿಕೊಂಡಿದ್ದೇನೆ. ಎದುರು ಮನೆಯವರ ಟಿವಿ ಮಾತ್ರ ಒಂದು ಗಂಟೆಯವರೆಗೂ ಓಡುತ್ತದೆ, ಅದಕ್ಕೆ ನಾನೇನೂ ಮಾಡೋಕಾಗಲ್ಲ.

ಹಳೇ_ರೇಡಿಯೋ:

ಕಿವಿಗೆ ಹತ್ತಿ ತರುತ್ತೇನೆ.